ಬೆನ್ನಿಲ್ಲದ ಅಂಗಿ

ಗಿರಣಿ ಮುಚ್ಚಿದ ಮೇಲೆ ಹೊಳೆದಂಡೆಯ ಬೀದಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಕೊನೆಗೆ ಉಳಿದದ್ದು ದರ್ಜಿಯಕ್ಕನ ಹೊಲಿಗೆ ಅಂಗಡಿ ಒಂದೇ. ವ್ಯಾಪಾರ ಜೋರಾಗಿತ್ತು ಅಂತ ಉಳಿದದ್ದಲ್ಲ, ಬಿಡಿ. ಪಕ್ಕದ ಕ್ಷೌರದಂಗಡಿ ಅವಳ ಗಂಡನದು. ಅವನು ತೀರಿಕೊಂಡ ಮೇಲೂ ಆ ಮಗ್ಗುಲು ಬಿಟ್ಟು ಹೋಗಲು ಅವಳಿಗೆ ಮನಸ್ಸು ಬರಲಿಲ್ಲ.

ಹೀಗಿರುವಾಗ ನಗರಸಭೆಗೆ ಇದ್ದಕ್ಕಿದ್ದಂತೆ ಆ ಬೀದಿಯ ಮೇಲೆ ಪ್ರೀತಿ ಉಕ್ಕಿತು. ಬಂಡವಾಳ ಹಾಕುವ ಕಂಪನಿಯವರು ನೋಡಲು ಬರುತ್ತಾರಂತೆ. ಬೀದಿಯಲ್ಲಿ ಜೀವ ಕಂಡರೆ ದೋಣಿ, ಹೋಟೆಲು, ದೀಪ. ಕಾಣದಿದ್ದರೆ ಎಲ್ಲ ಕೆಡವಿ ಕಾರು ನಿಲ್ಲಿಸುವ ಜಾಗ. ಅಭಿವೃದ್ಧಿ ಅಧಿಕಾರಿಯ ತಲೆ ಎಂದರೆ ತಲೆ! ಮುಚ್ಚಿದ ಶಟರುಗಳ ಮೇಲೆ ತೆರೆದ ಅಂಗಡಿಗಳ ಚಿತ್ರ ಬರೆಸಿಬಿಡಿ ಎಂದರು. ಕೆಲಸ ಸಿಕ್ಕಿದ್ದು ದರ್ಜಿಯಕ್ಕನ ಮೈದುನನಿಗೆ, ಬೋರ್ಡು ಬರೆಯುವ ಪೇಂಟರನಿಗೆ. ಅವನು ಆಡಿ ಬೆಳೆದ ಬೀದಿ. ಯಾವ ಅಂಗಡಿಯಲ್ಲಿ ಯಾರನ್ನು ನಿಲ್ಲಿಸಬೇಕೆಂದು ಯಾರನ್ನೂ ಕೇಳಬೇಕಿರಲಿಲ್ಲ. ಪಾತ್ರೆ ಅಂಗಡಿಯ ಯಜಮಾನ, ಔಷಧಿ ಅಂಗಡಿಯಾಕೆ, ಗಡಿಯಾರ ರಿಪೇರಿಯ ಅಜ್ಜ, ಹೀಗೆ ಊರು ಬಿಟ್ಟವರೂ ಲೋಕ ಬಿಟ್ಟವರೂ ಬೀದಿಗೆ ಮುಖ ಮಾಡಿ ನಿಂತರು. ಕ್ಷೌರದಂಗಡಿಯಲ್ಲಿ ಅಣ್ಣನನ್ನೂ ನಿಲ್ಲಿಸಿದ. ದರ್ಜಿಯಕ್ಕ ಮೈದುನನಿಗೆ ಬಾಯಿಗೆ ಬಂದಂತೆ ಬೈದು, ಆಮೇಲೆ ಒಳಗೆ ಹೋಗಿ ಅತ್ತಳು.

ಬಣ್ಣ ಒಣಗಿದ ಮರುದಿನ ಸಂಜೆ ಪಾತ್ರೆ ಅಂಗಡಿಯ ಯಜಮಾನ ಅಂಗಿ ಹೊಲಿಸಲು ಬಂದ. ಊರು ನೋಡಲು ಬಂದಿರಬೇಕು ಎಂದುಕೊಂಡು ದರ್ಜಿಯಕ್ಕ ಸಂತೋಷದಿಂದ ಟೇಪು ಹಿಡಿದಳು. ಎದೆಯಳತೆಗೆಂದು ಅದನ್ನು ಹಿಂದಿನಿಂದ ಬಳಸಿ ಎಳೆದರೆ ಹಿಂದೆ ಏನೂ ಸಿಗಲಿಲ್ಲ. ಅಲ್ಲಿ ಬೆನ್ನೇ ಇರಲಿಲ್ಲ! ಮೂಗಿಗೆ ಪೇಂಟಿನ ವಾಸನೆ ಬಡಿಯಿತು. ಆದರೂ ಕಸುಬಿನ ಕೈ ನೋಡಿ, ಸುಮ್ಮನಿರಲಿಲ್ಲ. ಭುಜದ ಅಳತೆಯಿಂದ ಬೆನ್ನನ್ನು ಅಂದಾಜು ಮಾಡಿಕೊಂಡಿತು. ಮುಂಭಾಗವಷ್ಟೇ ಸಾಕು ಎಂದ ಯಜಮಾನ. ಅರ್ಧ ಅಂಗಿ ಕೊಟ್ಟರೆ ತನ್ನ ಮಾನ ಉಳಿಯುತ್ತದೆಯೇ ಎಂದು ಗೊಣಗುತ್ತ ಅವಳು ಇಡೀ ಅಂಗಿ ಹೊಲಿದುಕೊಟ್ಟಳು.

ತಪ್ಪಾದದ್ದು ಅಲ್ಲೇ. ಅಂಗಿ ತೊಟ್ಟವನು ಭುಜ ಕೊಡವಿದ, ಮೆಲ್ಲಗೆ ತಿರುಗಿದ, ನೆಟ್ಟಗೆ ಸೇತುವೆ ದಾಟಿ ಹೋಗಿಯೇಬಿಟ್ಟ. ಅವನ ಶಟರಿನ ಮೇಲೆ ಪಾತ್ರೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ನಡುವೆ ಆಳಿನ ಆಕಾರದಲ್ಲಿ ಬರೀ ತುಕ್ಕು.

ಸುದ್ದಿ ಅದು ಹೇಗೆ ಹಬ್ಬಿತೋ, ಸಂಜೆಯಾದರೆ ಅವಳ ಬಾಗಿಲಲ್ಲಿ ಸಾಲು. ಔಷಧಿ ಅಂಗಡಿಯಾಕೆ ಹೋದಳು, ಗಡಿಯಾರದಜ್ಜ ಹೋದ. ಹೋಗುವವರನ್ನು ಹಿಡಿದಿಡಲು ನಾನ್ಯಾರು ಎಂದು ಅವಳು ಹೊಲಿಯುತ್ತಲೇ ಇದ್ದಳು. ಮೈದುನ ಮತ್ತೆ ಬರೆದರೆ ಬಣ್ಣ ನಿಲ್ಲಲಿಲ್ಲ. ಅಧಿಕಾರಿ ತಲೆ ಚಚ್ಚಿಕೊಂಡರು. ಕಡೆಗೆ ಬೀದಿಯಲ್ಲಿ ಉಳಿದ ಮುಖ ಒಂದೇ.

"ಅತ್ತಿಗೆ, ಅಣ್ಣನೂ ಹೋದ್ರೆ ಎಲ್ಲಾ ಕೆಡವಿಬಿಡ್ತಾರೆ," ಎಂದ ಮೈದುನ. ಅವಳು ಸೂಜಿಗೆ ದಾರ ಪೋಣಿಸಿಕೊಂಡಳು.

ಕಂಪನಿಯವರು ಬರುವ ಹಿಂದಿನ ಸಂಜೆ ಗಂಡ ಬಂದ. ತನಗೂ ಒಂದು ಅಂಗಿ ಬೇಕೆಂದ. ಅವಳು ಟೇಪು ತೆಗೆದುಕೊಳ್ಳಲೇ ಇಲ್ಲ. ಅವನ ಅಳತೆ ಅವಳಿಗೆ ಬಾಯಿಪಾಠ. ಆದರೂ ತಡೆಯಲಾರದೆ ಒಮ್ಮೆ ತಬ್ಬಿದಳು. ಅಷ್ಟು ವರ್ಷ ನೀರು ಹೊಯ್ದು ಉಜ್ಜಿದ ಬೆನ್ನಿನ ಜಾಗದಲ್ಲಿ ಅವಳ ಎರಡೂ ಅಂಗೈಗಳು ಒಂದನ್ನೊಂದು ಮುಟ್ಟಿದವು. ಬಿಟ್ಟರೆ ಇವನೂ ಹೋಗುತ್ತಾನೆ ಎಂಬುದೊಂದೇ ಆಗ ಅವಳ ತಲೆಯಲ್ಲಿದ್ದದ್ದು.

ಅಂಗಿ ತೊಡಿಸಿದಾಗ ಅವನು ಕೈಯನ್ನು ಹಿಂದಕ್ಕೆ ಆಡಿಸಿ ನೋಡಿದ.

"ಬೆನ್ನೆಲ್ಲೇ?"

"ಬಟ್ಟೆ ಸಾಲ್ಲಿಲ್ಲ."

ಅವನು ಮೇಜಿನ ಕಡೆ ನೋಡಿದ. ಅಲ್ಲಿ ಬಟ್ಟೆಯ ಸುರುಳಿ ಧಾರಾಳವಾಗಿ ಬಿದ್ದಿತ್ತು. ಪ್ರತಿಯೊಂದಕ್ಕೂ ವಾದ ಹೂಡುತ್ತಿದ್ದ ಮನುಷ್ಯ ಅಂದು ಒಂದು ಮಾತೂ ಬೆಳೆಸಲಿಲ್ಲ. "ಆ ತಗಡು ತುಂಬಾ ತಣ್ಣಗಿರುತ್ತೆ ಕಣೇ," ಎಂದಷ್ಟೇ ಹೇಳಿ, ಮುಖ ಅವಳ ಕಡೆಗೇ ಇಟ್ಟುಕೊಂಡು ಹಿಮ್ಮೆಟ್ಟುತ್ತ ತನ್ನ ಅಂಗಡಿಗೆ ಹೋದ.

ಕಂಪನಿಯವರು ಬಂದರು, ಕ್ಷೌರಿಕನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಎಷ್ಟು ಜೀವಂತವಾಗಿದೆ ಎಂದರು. ಈಗ ಬೀದಿ ಗುರುತೇ ಸಿಗದಷ್ಟು ಬದಲಾಗಿದೆ. ದೋಣಿಗಳಿವೆ, ದೀಪಗಳಿವೆ, ಬಾಡಿಗೆ ಏರಿದೆ, ದರ್ಜಿಯಕ್ಕನಿಗೆ ಉಸಿರಾಡಲು ಪುರುಸೊತ್ತಿಲ್ಲ. ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಗಂಡ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಈಚೆಗೆ ಅವನು ಅಂಗಿಯ ಬೆನ್ನು ಕೇಳುವುದನ್ನೂ ಬಿಟ್ಟಿದ್ದಾನೆ; ಮೈ ಮಾತ್ರ ನಡುಗುತ್ತಿರುತ್ತದೆ. ಅವಳು ಹೊಲಿಯುತ್ತಿರುವ ಬಟ್ಟೆಯಿಂದ ತಲೆ ಎತ್ತುವುದಿಲ್ಲ.

"ನಾಳೆ ಹೊಲಿದುಕೊಡ್ತೀನಿ," ಅನ್ನುತ್ತಾಳೆ.