ಪಕ್ಕದ ಸೀಟಿನ ಬ್ರೇಕು

ಅವರ ಬೂಟಿನ ಲೇಸು ಬಿಚ್ಚಿಕೊಂಡಿದೆ, ಪೆಡಲಿಗೆ ಸಿಕ್ಕಿಕೊಂಡೀತು, ರಸ್ತೆ ನೋಡಮ್ಮ ನನ್ನ ಕಾಲಲ್ಲ, ಅನ್ನುತ್ತಾರೆ ಡ್ರೈವಿಂಗ್ ಮೇಷ್ಟ್ರು, ಗಾಡಿ ಹತೋಟೀಲಿರ್ಲಿ, ಮತ್ತೆ ಅದೇ ಪದ, ಹತೋಟಿ – ಬೆಳಗಿನ ಪೇಪರಿನಲ್ಲಿ ಗೋದಾಮಿನ ಬೆಂಕಿ ಹತೋಟಿಗೆ ಬಂದಿತ್ತು, ಡಾಕ್ಟರ ಪ್ರಕಾರ ಅಮ್ಮನ ಸಕ್ಕರೆ ಹತೋಟಿಯಲ್ಲಿದೆ, ಸೋದರತ್ತೆಯ ಪ್ರಕಾರ ಅಮ್ಮನ ಮಗಳಾದ ನಾನೂ, ನೋಡು ಮಗಳನ್ನ ಹೆಂಗೆ ಹತೋಟೀಲಿಟ್ಟಿದಾಳೆ – ಎಲ್ಲರೂ ಇನ್ನೊಬ್ಬರ ಬಗ್ಗೆಯೇ ಆಡುವ ಮಾತು ಇದು, ನಾನು ಅವಳ ಹತೋಟಿಯಲ್ಲಿದ್ದೇನೆ ಎಂದು ಯಾರಾದರೂ ತಮ್ಮ ಬಾಯಿಂದಲೇ ಹೇಳಿದ್ದುಂಟೇ, ವಿಚಿತ್ರ, ಕ್ಲಚ್, ಕ್ಲಚ್ ಒತ್ತು ತಾಯಿ, ಈ ಕಾರಿನಲ್ಲಿ ಅವರ ಕಾಲ ಬಳಿಯೂ ಒಂದು ಬ್ರೇಕು ಇದೆ, ಪ್ರತಿ ತಿರುವಿನಲ್ಲೂ ಕಾರು ಹದವಾಗಿ ನಿಲ್ಲುತ್ತದೆ, ಭೇಷ್ ಅನ್ನುತ್ತಾರೆ, ನಿಲ್ಲಿಸಿದ್ದು ನಾನೋ ನೀವೋ ಸಾರ್, ನಿಂತಿತಲ್ಲಮ್ಮ, ಅಷ್ಟು ಸಾಲದಾ. ಅಮ್ಮ ಎಂದೂ ಬೇಡ ಅಂದವಳಲ್ಲ, ಕೈಯಲ್ಲಿನ ಲೋಟವನ್ನು ಮೇಜಿನ ಮೇಲೆ ಇಡುತ್ತಾಳೆ, ಟಕ್, ಮನೆಯ ಮಾತೆಲ್ಲ ಅಲ್ಲಿಗೇ ನಿಲ್ಲುತ್ತದೆ, ಹೋದ ವರ್ಷ ಪ್ರಿಂಟಿಂಗ್ ಪ್ರೆಸ್ಸಿನವನು ಮನೆಗೆ ಬಂದು ನಮ್ಮಿಬ್ಬರ ಮದುವೆಯ ಮಾತೆತ್ತಿದಾಗ ಒಲ್ಲೆ ಅಂದದ್ದು ನನ್ನದೇ ಬಾಯಿ, ಅದಕ್ಕೆ ಮೊದಲು ಟಕ್ ಎಂದಿತ್ತೋ, ಆಮೇಲೋ, ಎಷ್ಟು ಕೆದಕಿದರೂ ನೆನಪಾಗುತ್ತಿಲ್ಲ, ನಿನ್ನೆ ಅವನು ಮತ್ತೆ ಕೇಳಿದ್ದಾನೆ, ನಾಳೆ ಪ್ರೆಸ್ ಮುಂದೆ ನಿಂತಿರ್ತೀನಿ, ಹೂಂ ಅನ್ನು ಇಲ್ಲಾ ಊಹೂಂ ಅನ್ನು, ಕೊನೇ ಸಲ ಕೇಳ್ತಿರೋದು, ನಾನೂ ಮನುಷ್ಯನೇ ಕಣೆ.

ಪ್ರೆಸ್ಸಿನ ಇಳಿಜಾರು ಬಂತು – ಸಾರ್ ಕಾಲೆತ್ತಿ ಕೂತ್ಕೊಳ್ಳಿ, ಏನಂದೆ, ಎರಡೂ ಕಾಲು, ಸೀಟಿನ ಮೇಲೆ, ಅಯ್ಯೋ ನಂಗೂ ಹೆಂಡ್ತಿ ಮಕ್ಕಳಿದಾರಮ್ಮ, ಎನ್ನುತ್ತಲೇ ಚಕ್ಕಳಮಕ್ಕಳ ಹಾಕುತ್ತಾರೆ, ಬೂಟು ಸಮೇತ, ಕೆಂಪು ದೀಪ, ಅಗೋ ಅವನು, ಕೈತುಂಬ ಮಸಿ, ಒತ್ತುತ್ತೇನೆ, ಮೈಯ ಭಾರವೆಲ್ಲ ಪಾದಕ್ಕೆ, ಕಾರು ನಿಲ್ಲುತ್ತದೆ, ಮುಗ್ಗರಿಸಿ, ಅಂದಗೆಟ್ಟು, ಇದೇನಮ್ಮ ನಿಲ್ಸೋ ಚೆಂದ, ಹೌದು ಸಾರ್, ಇದು ಮಾತ್ರ ನಾನೇ, ಕಿಟಕಿ ಇಳಿಸುತ್ತೇನೆ, ಅವನು ಬಗ್ಗುತ್ತಾನೆ, ಹೂಂ ಅನ್ನುತ್ತೇನೆ, ಎಲ್ಲೂ ಟಕ್ ಎನ್ನುವುದಿಲ್ಲ, ಸಂಜೆ ಮನೆಗೆ ಬಾ, ಅಮ್ಮನ ಎದುರಿಗೇ ಇನ್ನೊಂದ್ಸಲ ಹೇಳ್ತೀನಿ, ಹೇಳಬಲ್ಲೆನೇ, ಆ ಮೇಜು, ಆ ಲೋಟ – ಕಣ್ಣು ಪಕ್ಕಕ್ಕೆ ಜಾರುತ್ತದೆ, ಮೇಷ್ಟ್ರ ಕಾಲಿಲ್ಲದ ಆ ಪೆಡಲ್, ನನ್ನ ಬ್ರೇಕಿಗೇ ಜೋಡಿಸಿದ್ದು, ನಾನು ಒತ್ತಿ ಹಿಡಿದಷ್ಟು ಹೊತ್ತೂ ತಾನೂ ತಗ್ಗಿ ಕೂತಿದೆ, ತುಸು ಸಡಿಲಿಸಿದರೆ ಏಳುತ್ತದೆ, ಒತ್ತಿದರೆ ತಗ್ಗುತ್ತದೆ, ಯಾರ ಕಾಲೂ ಇಲ್ಲದ ಪೆಡಲ್ –