ಕೆಂಪು ಕಾರಿನ ಹಿಂದಿನ ಗಾಜು

ಶಿವರಾಜು ಗುಂಡಿಯೊಳಗೆ ನಿಂತು, ಮೇಲಿನಿಂದ ಇಳಿಸಿದ ಬಸವಯ್ಯನನ್ನು ಕಂಕುಳಿಗೆ ಕೈ ಕೊಟ್ಟು ಹಿಡಿದುಕೊಂಡ. ಲಿಂಗಾಯತರ ಪದ್ಧತಿಯಂತೆ ಗುಂಡಿಯ ಪಕ್ಕಕ್ಕೆ ಗೂಡು ಕೊರೆದಿತ್ತು. ಅದರೊಳಗೆ ದೇಹವನ್ನು ಕುಳ್ಳಿರಿಸಬೇಕು. ಅಯ್ಯನವರು ಮೇಲಿನಿಂದ ಎಡಕ್ಕೆ, ಬಲಕ್ಕೆ ಎನ್ನುತ್ತಿದ್ದರು. ಶಿವರಾಜು ಎರಡು ಭುಜಗಳ ಪಕ್ಕದ ಸಂದನ್ನೂ ಕಣ್ಣಳತೆಯಲ್ಲಿ ನೋಡಿ, ಅರ್ಧ ಬೆರಳಿನಷ್ಟು ಎಡಕ್ಕೆ ಸರಿಸಿದ. ಕಾರಿಗೆ ಗಾಜು ಕೂರಿಸುವಾಗಿನ ಹಾಗೆ ಸಂದು ನೋಡಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ನಾಚಿಕೆಯಾಗಬೇಕಿತ್ತು. ಏನೂ ಆಗಲಿಲ್ಲ.

ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚಿದ ಮೇಲೆ, ಬಸವಯ್ಯನ ಊರು ದೇವನೂರಿನ ಆ ಹೊಲದ ಪಂಪ್‌ಸೆಟ್ಟಿನಲ್ಲಿ ಗಂಡಸರೆಲ್ಲ ಮಿಂದರು. ಬಸವಯ್ಯನ ಭಾವಮೈದ ಮಹಾದೇವಸ್ವಾಮಿ ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದ.

“ಭಾವ ಬಿದ್ದೇಟ್ಗೇ ಎತ್ಕಂಡು ಆಸ್ಪತ್ರೆಗೆ ಓಡ್ದ ಕಣ್ರೀ ಈ ಶಿವರಾಜು. ಒಡಹುಟ್ದೋನೂ ಅಂಗ್ ಮಾಡಲ್ಲ.”

ಹೊಗಳಿಸಿಕೊಂಡವನು ತಲೆ ಒರೆಸಿಕೊಳ್ಳುತ್ತಲೇ ಇದ್ದ. ತಲೆ ಒಣಗಿ ಎಷ್ಟೋ ಹೊತ್ತಾಗಿತ್ತು. ಬಿದ್ದ ಏಟಿಗೇ ಅವನು ಎತ್ತಿರಲಿಲ್ಲ. ಅದನ್ನು ಬಸವಯ್ಯನ ಹೆಂಡತಿ ಚನ್ನಬಸಮ್ಮನಿಗೆ ಹೇಳಬೇಕಿತ್ತು. ಹೇಳಿದರೆ ಮೂವತ್ತು ವರ್ಷ ಉಂಡ ಮನೆಯ ಬಾಗಿಲು ಮುಚ್ಚಿಹೋಗಬಹುದು. ಹೇಳದಿದ್ದರೆ ಈ ಹೊಗಳಿಕೆಯನ್ನು ಬದುಕಿರುವವರೆಗೂ ನುಂಗುತ್ತಿರಬೇಕು.

*

ಹಿಂದಿನ ದಿನ ಬೆಳಿಗ್ಗೆ ನಂಜನಗೂಡಿನಲ್ಲಿ ಗಾಜು ಕೂರಿಸುವ ತಮ್ಮ ಶೆಡ್ಡಿನಲ್ಲಿ ಬಸವಯ್ಯ, ಶಿವರಾಜು ಇಬ್ಬರೂ ಒಂದು ಕೆಂಪು ಕಾರಿನ ಮುಂದೆ ನಿಂತಿದ್ದರು. ಕಾರು ಟಿ. ನರಸೀಪುರದ ಕೃಷ್ಣಪ್ರಸಾದ್ ಮೇಷ್ಟ್ರದು. ಮೂವತ್ತೈದು ವರ್ಷ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು. ಮೇಷ್ಟ್ರಿಗೇಕೆ ಈ ಶೋಕಿ ಎಂದು ಊರು ಆಡಿಕೊಳ್ಳುತ್ತಿತ್ತು. ಅದರ ಹಿಂಬಾಗಿಲೆಂದರೆ ಬಹುಪಾಲು ಗಾಜೇ. ಅಂಚಿನ ಹಳೆಯ ಗೋಂದು ಬಿರುಕು ಬಿಟ್ಟು, ಮಳೆ ಬಂದರೆ ಡಿಕ್ಕಿಯೊಳಗೆ ಕೆರೆಯಾಗುತ್ತಿತ್ತು. ಗಾಜು ಒಡೆದರೆ ಇನ್ನೊಂದು ಈ ದೇಶದಲ್ಲೇ ಸಿಗುವಂಥದ್ದಲ್ಲ. ಎರಡು ದಿನ ಸಣ್ಣ ತಂತಿಯಲ್ಲಿ ಗೋಂದು ಕುಯ್ದು, ಗಾಜು ಬಿಡಿಸಿ, ಅಂಚನ್ನೆಲ್ಲ ಕೆರೆದು ಒರೆಸಿದ್ದರು.

ಬಸವಯ್ಯ ಹೊಸ ಗೋಂದನ್ನು ಸುತ್ತಲೂ ಒಂದೇ ಉಸಿರಿಗೆ ಎಳೆದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಗೋಂದಿನಿಂದ ಅವನ ಕೈ ಮೂವತ್ತು ವರ್ಷ ಕಪ್ಪಾಗಿಯೇ ಇತ್ತು, ಮೊಸರು ಮಾತ್ರ ಅಷ್ಟಕ್ಕಷ್ಟೆ. ಗೋಂದು ಎಳೆದ ಮೇಲೆ ಇರುವುದು ಹತ್ತೇ ನಿಮಿಷ. ಅಷ್ಟರಲ್ಲಿ ಗಾಜು ಕೂರದಿದ್ದರೆ ಅದಕ್ಕೆ ಕೆನೆ ಕಟ್ಟುತ್ತದೆ, ಹಿಡಿಯುವುದಿಲ್ಲ. ಅವರ ಶೆಡ್ಡಿಗಿದ್ದ ಕಾನೂನು ಅದೊಂದೇ: ಗೋಂದು ಎಳೆದಾಯಿತೆಂದರೆ, ದೇವರೇ ಬಂದು ಬಾಗಿಲಲ್ಲಿ ನಿಂತರೂ ಗಾಜು ಕೂರಿಸಿಯೇ ಮಾತಾಡಿಸುವುದು.

ಇಬ್ಬರೂ ಎರಡು ಕಡೆ ಹಿಡಿದು ಗಾಜನ್ನು ಎತ್ತಿದರು. ಬಸವಯ್ಯನ ಕಡೆ ತಗ್ಗಿತು. ಅವನು ತನ್ನ ತುದಿಯನ್ನು ಕಾರಿನ ಅಂಚಿಗೆ ಮೆಲ್ಲಗೆ ಆನಿಸಿ, ಟೈರಿನ ಪಕ್ಕ ಕುಸಿದ.

ಶಿವರಾಜು “ಅಣ್ಣಾ” ಎಂದ. ಕೈ ಬಿಡಲಿಲ್ಲ. ಗಾಜನ್ನು ತನ್ನ ಕಡೆ ಎಳೆದುಕೊಂಡ, ಮೇಲಿನ ಅಂಚು ಸೇರಿಸಿದ, ಸಂದು ನೋಡಿದ, ಅಂಗೈಯಲ್ಲಿ ಸುತ್ತಲೂ ಒತ್ತಿದ, ಜಾರದಂತೆ ನಾಲ್ಕು ಕಡೆ ಟೇಪು ಅಂಟಿಸಿದ. ಆಮೇಲೆ ಬಗ್ಗಿ ನೋಡಿದ.

*

ಮಣ್ಣು ಮುಗಿಸಿ ಬಂದವರು ಸಂಜೆ ಶೆಡ್ಡಿನ ಹಿಂದಿನ ಬಸವಯ್ಯನ ಮನೆಯಲ್ಲಿ ಕೂತಿದ್ದರು. ಕೃಷ್ಣಪ್ರಸಾದ್ ಬಸ್ಸಿನಲ್ಲಿ ಬಂದು, ಮೂಲೆಯಲ್ಲಿ ಕೂತು, ಕಾರಿಗೇನೂ ಅವಸರವಿಲ್ಲ, ತಿಂಗಳು ಬಿಟ್ಟು ಒಯ್ಯುತ್ತೇನೆ ಎಂದರು. ಚನ್ನಬಸಮ್ಮ ಬೇಡವೆಂದಳು. ಯಜಮಾನರು ಹಿಡಿದ ಕೆಲಸ ಬಾಕಿ ಇರಬಾರದು, ಇವತ್ತೇ ಒಯ್ಯಿರಿ ಎಂದು ಎದ್ದು ಶೆಡ್ಡಿಗೆ ನಡೆದಳು. ಶಿವರಾಜು ಹಿಂದೆಯೇ ಹೋದ. ಅವಳು ಟೇಪುಗಳನ್ನು ಒಂದೊಂದಾಗಿ ಕೀಳತೊಡಗಿದಳು. ಅವನು ಅವಳ ಬೆನ್ನಿಗೆ ಹೇಳಿದ.

“ಅಕ್ಕಾ, ಮಾದೇವಸ್ವಾಮಿ ಏಳ್ತಿರದು ಸುಳ್ಳು. ಮೊದ್ಲು ಗಾಜು ಕೂರ್ಸ್ದೆ. ಆಮೇಲೆ ಅಣ್ಣನ್ನ ಎತ್ತಿದ್ದು.”

ಟೇಪು ಕೀಳುವ ಕೈ ನಿಂತಿತು. “ಎಷ್ಟೊತ್ತು?”

“ಮೂರ್ನಾಕು ನಿಮ್ಸ.”

“ಅವ್ರು ನೋಡ್ತಿದ್ರಾ?”

“ಗೊತ್ತಿಲ್ಲ ಅಕ್ಕ. ನಾನು ಗಾಜು ನೋಡ್ತಿದ್ದೆ.”

ಅವಳು ಉಳಿದಿದ್ದ ಟೇಪನ್ನೂ ಕಿತ್ತು ಉಂಡೆ ಮಾಡಿದಳು. ಮಗಳು ನಂದಿತಾ ಹುಟ್ಟಿದ ದಿನವೂ ಅವರು ಯಾವುದೋ ಲಾರಿಯ ಗಾಜು ಕೂರಿಸಿಯೇ ಆಸ್ಪತ್ರೆಗೆ ಬಂದಿದ್ದರು ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇರೆ ಏನೂ ಇರಲಿಲ್ಲ.

“ಆವತ್ತು ಅವ್ರನ್ನ ಮೂರ್ ದಿನ ಮಾತಾಡ್ಸ್ನಿಲ್ಲ. ನಿನ್ನ ಎಷ್ಟ್ ದಿನ ಅಂತ ನಂಗೇ ಗೊತ್ತಿಲ್ಲ ಕಣೋ.”

ಶಿವರಾಜು ತಲೆಯಾಡಿಸಿದ. ಅವಳು ಬಯ್ದಿದ್ದರೆ ಚೆನ್ನಾಗಿತ್ತು.

“ನೀರು ಬುಟ್ಟು ನೋಡ್ದ್ಯಾ?”

ನೋಡಿರಲಿಲ್ಲ. ಗಾಜು ಕೂರಿಸಿದ ಮಾರನೆಯ ದಿನ ಒಬ್ಬ ಹೊರಗಿನಿಂದ ನೀರು ಬಿಡಬೇಕು, ಒಬ್ಬ ಒಳಗೆ ಕೂತು ಸೋರುತ್ತದೆಯೇ ಎಂದು ನೋಡಬೇಕು. ಒಳಗೆ ಕೂರುವುದು ಯಾವಾಗಲೂ ಬಸವಯ್ಯನೇ. ಚನ್ನಬಸಮ್ಮ ಸೆರಗು ಸಿಕ್ಕಿಸಿ, ಮುಂದಿನ ಸೀಟು ಬಗ್ಗಿಸಿ, ಒಳಗೆ ತೂರಿ ಡಿಕ್ಕಿಯಲ್ಲಿ ಮಂಡಿ ಮಡಿಸಿ ಕೂತಳು. ಅವನು ನಲ್ಲಿ ತಿರುಗಿಸಿ ಪೈಪು ಹಿಡಿದ. ನೀರಿನ ಹಿಂದೆ ಅವಳ ಮುಖ ಕಲಸಿಹೋಯಿತು.

“ಸೋರ್ತಾ ಅಕ್ಕಾ?”

ಅವಳು ಒಳಗಿನಿಂದ ಅಂಚಿನ ಉದ್ದಕ್ಕೂ ನಿಧಾನವಾಗಿ ಕೈ ಎಳೆದಳು, ನಾಲ್ಕು ಮೂಲೆಯನ್ನೂ ಒತ್ತಿ ನೋಡಿದಳು. ಆಮೇಲೆ ಬೆಳಿಗ್ಗೆಯಷ್ಟೇ ಬಳೆ ತೆಗೆದಿದ್ದ ಕೈಯನ್ನೆತ್ತಿ, ಹನಿ ನೀರೂ ತಾಕದೆ ಒಣಗಿಯೇ ಇದ್ದ ಅಂಗೈಯನ್ನು ಅವನಿಗೆ ಕಾಣುವಂತೆ ಗಾಜಿಗೆ ಒತ್ತಿ ಹಿಡಿದಳು. ಗಾಜಿನ ಈಚೆ ಕಡೆ ನೀರು ಅದರ ಮೇಲೆ ಇಳಿಯುತ್ತಲೇ ಇತ್ತು.