ಕಿವುಡರು ಬೇಕಾಗಿದ್ದಾರೆ

ಶಿವಕುಮಾರಿ ಬಾಗಿಲು ಮುಂದೆ ಮಾಡಿ, ಗಂಡನ ಎದುರಿಗೆ ಕೂತು, ದನಿಯಿಲ್ಲದೆ ಮಾತಾಡಿದಳು. ತುಟಿಗಳಷ್ಟೇ ಅಲ್ಲಾಡಿದವು.

"ಕಿವಿ ನೋಡೋ ಡಬ್ಬಿ ಮ್ಯಾಲೆ ಸಣ್ಣದೊಂದು ಕೆಂಪು ದೀಪ ಅದ. ಆ ಹುಡುಗಿ ಸಪ್ಪಳ ಬಿಟ್ಟಾಗೊಮ್ಮೆ ಹತ್ತತದ. ನಾ ಆಕಿ ಹಿಂದ ನಿಂದರತೀನಿ. ದೀಪ ಹತ್ತಿದ ಕೂಡ್ಲೆ ಸೆರಗು ಸರಿ ಮಾಡ್ಕೋತೀನಿ. ನೀವು ಗುಂಡಿ ಒತ್ರಿ. ಅಷ್ಟೇ."

ಗುರುಪಾದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳ ತುಟಿಯನ್ನೇ ನೋಡುತ್ತಿದ್ದ. "ಎಡಗಡೆ ಸೆರಗೋ, ಬಲಗಡೆದೋ?" ಎಂದು ಕೇಳಿದ. ಈಚೆಗೆ ತನ್ನ ದನಿ ಎಷ್ಟು ಏರಿದೆ ಎಂಬುದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಶಿವಕುಮಾರಿ ಥಟ್ಟನೆ ಅವನ ಬಾಯಿ ಮುಚ್ಚಿದಳು. ಚಾಳಿನ ಗೋಡೆ ತಗಡಿನದು. ಪಕ್ಕದ ಮನೆಯಲ್ಲಿ ಈರುಳ್ಳಿ ಹೆಚ್ಚಿದರೆ ಇಲ್ಲಿಗೆ ಕೇಳುತ್ತದೆ.

"ಸೆರಗು ಎರಡೂ ಕಡೆ ಇರತದೇನ್ರಿ?" ಎಂದು ದನಿಯಿಲ್ಲದೆಯೇ ರೇಗಿದಳು.

ಕುರ್ಲಾದ ಆ ಬಸ್ತಿ, ಎಂದರೆ ತಗಡಿನ ಮನೆಗಳ ಕೇರಿ, ವಿಮಾನ ನಿಲ್ದಾಣದ ಗೋಡೆಗೆ ಬೆನ್ನು ಕೊಟ್ಟು ಕೂತಿದೆ. ಗೋಡೆಯಾಚೆ ಗುರುಪಾದನ ಕೆಲಸ, ವಿಮಾನದ ಹೊಟ್ಟೆಗೆ ಪ್ರಯಾಣಿಕರ ಸಾಮಾನು ತುಂಬುವುದು, ಇಳಿಸುವುದು. ಈಚೆಗೆ ಅವನ ಮನೆ. ಹೀಗಾಗಿ ಕೆಲಸದಲ್ಲಿ ಕೇಳಿದ ಸದ್ದನ್ನೇ ಮನೆಗೆ ಬಂದೂ ಕೇಳಬೇಕು. ಬಸ್ತಿಯಲ್ಲಿ ಯಾರೂ ಒಂದು ಮಾತನ್ನು ಒಂದೇ ಉಸಿರಿಗೆ ಮುಗಿಸುವುದಿಲ್ಲ. ತಲೆಯ ಮೇಲೆ ವಿಮಾನ ಬಂತೆಂದರೆ ಜಗಳವಾಡುತ್ತಿದ್ದವರೂ ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ, ಅದು ಇಳಿದ ಮೇಲೆ ಉಳಿದರ್ಧವನ್ನು ಬೈದು ಮುಗಿಸುತ್ತಾರೆ. ಎಲ್ಲರ ಬಾಯಲ್ಲೂ ಮೊದಲು ಬರುವುದು "ಆಂ?" ಎಂಬುದೇ. ಅಷ್ಟೊಂದು "ಆಂ"ಗಳ ನಡುವೆ ಗುರುಪಾದನದೂ ಒಂದು ಸೇರಿಹೋಗಿ, ಅವನ ಕಿವಿ ಹೋಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು ಶಿವಕುಮಾರಿಗೆ. ಒಂದು ಸಂಜೆ ಕುಕ್ಕರಿನ ಮಗ್ಗುಲಲ್ಲೇ ಕೂತಿದ್ದ ಗುರುಪಾದ, "ಸೀಟಿ ಆತೇನು?" ಎಂದು ಕೇಳಿದ. ಸೀಟಿ ಆಗ ಹೊಡೆಯುತ್ತಲೇ ಇತ್ತು. ಅವತ್ತಿನಿಂದ ಅವನ ಪಾಲಿನ ಕೇಳುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಯಾರಾದರೂ ಅವನನ್ನು ಏನಾದರೂ ಕೇಳಿದರೆ, ನಡುವೆ ಬಾಯಿ ಹಾಕಿ, ಅವನತ್ತ ಮುಖ ತಿರುಗಿಸಿ, "ಅಲ್ರೀ, ಊರಿಗಿ ಯಾವಾಗ ಹೋಗತೀರಿ ಅಂತ ಕೇಳಲಕತ್ತಾರ, ನೀವ್ಯಾಕ ಸುಮ್ಮ ಕುಂತೀರಿ?" ಎಂದು ಗದರಿಸುವಳು. ಅವನು ಉತ್ತರ ಕೊಡುವನು. ಗಂಡನಿಗೆ ಬಾಯಿ ತೆರೆಯಲು ಬಿಡದ ಬಜಾರಿ ಎಂದು ಅವಳಿಗೆ ಹೆಸರು ಬಂತು. ಬಂದರೆ ಬರಲಿ ಎಂದು ಅವಳು ಆ ಹೆಸರನ್ನು ಹೊತ್ತುಕೊಂಡೇ ತಿರುಗಿದಳು. ಒಳಗೊಳಗೆ ಅವಳಿಗೆ ನೋವಾಗುತ್ತಿತ್ತು.

ಈಗಿನ ತೊಡಕು ಬೇರೆಯದು. ವಿಮಾನಗಳ ಸದ್ದಿನ ಮೇಲೆ ಬಸ್ತಿಯವರೂ ಹಿಂದಿನ ಬಿಲ್ಡಿಂಗುಗಳವರೂ ಸೇರಿ ನಗರಪಾಲಿಕೆಗೆ ದೂರು ಕೊಟ್ಟಿದ್ದರು. ರಾತ್ರಿಯ ವಿಮಾನಗಳನ್ನಾದರೂ ಕಡಿಮೆ ಮಾಡಿಸಿ ಎಂಬುದು ಅವರ ಬೇಡಿಕೆ. ಪಾಲಿಕೆ ವಿಮಾನ ನಿಲ್ದಾಣದವರನ್ನು ಕೇಳಿತು. ಸದ್ದೆಲ್ಲ ನಿಯಮದ ಒಳಗೇ ಇದೆ, ಯಾರಿಗಾದರೂ ತೊಂದರೆಯಾಗಿದ್ದರೆ ತೋರಿಸಿ ಎಂದು ಅವರು ಮರ್ಯಾದೆಯಿಂದಲೇ ಹೇಳಿ ಕಳಿಸಿದರು. ಬಸ್ತಿಯ ಸಮಿತಿ ನಡೆಸುವ ಶುಭಾಂಗಿತಾಯಿ ಬಿಡುವ ಹೆಂಗಸಲ್ಲ. ಬಸ್ತಿಗೆ ನಲ್ಲಿ ತರಿಸಿದವಳೂ ಅವಳೇ. ಪಾಲಿಕೆಯ ಬೆನ್ನುಬಿದ್ದು ಬಾಲವಾಡಿಯ ಕೋಣೆಯಲ್ಲಿ ಕಿವಿ ತಪಾಸಣೆಯ ಶಿಬಿರ ಹಾಕಿಸಿದಳು. ಕೆಟ್ಟ ಕಿವಿಗಳನ್ನು ಒಟ್ಟುಹಾಕಿ ವಿಮಾನ ನಿಲ್ದಾಣದವರ ಮುಂದೆ ಇಡುವುದು ಅವಳ ಲೆಕ್ಕಾಚಾರ.

ಗುರುಪಾದನಿಗೆ ಬೇಕಾದದ್ದು ಮಾತ್ರ ಒಳ್ಳೆಯ ಕಿವಿ. ಮುಂದಿನ ತಿಂಗಳು ಅವನ ಪಾಸು ಹೊಸದಾಗಬೇಕು, ಪಾಸಿಲ್ಲದೆ ಗೋಡೆಯಾಚೆ ಕಾಲಿಡುವಂತಿಲ್ಲ. ಕಣ್ಣು ಕಿವಿ ಸರಿಯಿವೆ ಎಂದು ಡಾಕ್ಟರಿಂದ ಬರೆಸಿ ತರಬೇಕೆಂದು ಗುತ್ತಿಗೆದಾರ ಈ ಸಲ ಹೇಳಿದ್ದ. ಪಾಲಿಕೆಯ ಡಾಕ್ಟರೇ ಬರೆದುಕೊಟ್ಟರೆ ಇನ್ನು ಕೇಳುವವರ್ಯಾರು? ಬೆಳಗ್ಗೆ ಹೆಂಗಸರ ಸರದಿಯಲ್ಲಿ ಹೋಗಿ ಯಂತ್ರವನ್ನೂ ದೀಪವನ್ನೂ ನೋಡಿ ಬಂದ ಶಿವಕುಮಾರಿಗೆ ಈ ಉಪಾಯ ಹೊಳೆದಿತ್ತು.

ಮಧ್ಯಾಹ್ನ ಗಂಡಸರ ಸರದಿ. ಎಳ್ಳು ಹಾಕಲೂ ಜಾಗವಿಲ್ಲದಂತೆ ಜನ ತುಂಬಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಬ್ಬೊಬ್ಬರೇ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಗುಂಡಿ ಹಿಡಿದು ಕೂರಬೇಕು. ಸದ್ದು ಕೇಳಿಸಿದರೆ ಒತ್ತಬೇಕು. ವಿಮಾನ ಬಂದಾಗಲೆಲ್ಲ ಯಂತ್ರದ ಹುಡುಗಿ ಕೈ ಎತ್ತಿ ಸುಮ್ಮನಾಗುವಳು, ಅದು ಹೋದ ಮೇಲೆ ಮತ್ತೆ ಶುರು. ವಿಚಿತ್ರವೆಂದರೆ ಯಾರೂ ಗುಂಡಿ ಒತ್ತುತ್ತಿರಲಿಲ್ಲ. ಕಿವಿ ಕೆಟ್ಟಿದ್ದರೆ ವಿಮಾನ ನಿಲ್ದಾಣದವರಿಂದ ಪರಿಹಾರ ಸಿಗುತ್ತದಂತೆ ಎಂದು ಯಾರೋ ಹಬ್ಬಿಸಿಬಿಟ್ಟಿದ್ದರು. ನಿನ್ನೆಯವರೆಗೆ ಮೂರು ಗಲ್ಲಿಯಾಚೆಯ ಕ್ರಿಕೆಟ್ ಸ್ಕೋರು ಕೇಳಿಸಿಕೊಳ್ಳುತ್ತಿದ್ದವರು ಇವತ್ತು ಕಲ್ಲಿನ ಬಸವಣ್ಣನ ಹಾಗೆ ಕೂತು ಎದ್ದು ಬರುತ್ತಿದ್ದರು.

ಡಾಕ್ಟರ್ ಸರಸ್ವತಿ ಮೈಸೂರು ಕಡೆಯವರು, ಸಯನ್‌ನಲ್ಲಿ ಮನೆ. ಬೆಳಗ್ಗೆ ಶಿವಕುಮಾರಿಯ ಮಾತಿನ ರಾಗ ಹಿಡಿದು, "ಕಲಬುರ್ಗಿಯವರೇನಮ್ಮ ನೀವು?" ಎಂದು ಕೇಳಿ ನಕ್ಕಿದ್ದರು. ಈಗ ಅವರ ಮುಖದಲ್ಲಿ ನಗು ಇರಲಿಲ್ಲ. ಒಬ್ಬೊಬ್ಬರೂ ಗುಂಡಿ ಒತ್ತದೆ ಎದ್ದುಬರುವುದನ್ನು ನೋಡಿದರು. ಆಮೇಲೆ ಕಿಟಕಿಯ ಹೊರಗೆ ಮುಖ ಮಾಡಿ, ತಮಗೆ ತಾವೇ ಹೇಳಿಕೊಂಡಂತೆ, ಮೆಲ್ಲಗೆ ಹಿಂದಿಯಲ್ಲಿ, "ಅರೆ, ಯಾರೋ ಚಪ್ಪಲಿ ತಗೊಂಡು ಹೋಗ್ತಿದ್ದಾರಲ್ಲ" ಎಂದರು.

ಬೆಂಚುಗಳ ಮೇಲಿದ್ದ ಕಿವುಡರೆಲ್ಲ ಒಂದೇ ಸಲ ಬಾಗಿಲತ್ತ ತಿರುಗಿದರು. ಇಬ್ಬರು ಎದ್ದೇಬಿಟ್ಟರು.

ಮೊದಲು ನಕ್ಕದ್ದು ಯಂತ್ರದ ಹುಡುಗಿ. ಕೋಣೆಗೆ ಕೋಣೆಯೇ ನಕ್ಕಿತು, ಸಿಕ್ಕಿಬಿದ್ದವರೂ ನಕ್ಕರು. ಶಿವಕುಮಾರಿಗೆ ನಗು ಬರಲಿಲ್ಲ. ಅಷ್ಟು ಜನರ ನಡುವೆ ಗುರುಪಾದ ಒಬ್ಬನೇ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದ. ಎಲ್ಲರೂ ಯಾಕೆ ತಿರುಗಿದರೆಂದು ತಿಳಿಯದೆ, ಒಂದು ಗಳಿಗೆ ತಡವಾಗಿ ತಾನೂ ತಿರುಗಿದ, ಎಲ್ಲರೂ ನಗುವುದನ್ನು ಕಂಡು ತಾನೂ ನಕ್ಕ.

ಶುಭಾಂಗಿತಾಯಿ ಸಿಟ್ಟಿನಿಂದ ಕೆಂಪಾಗಿದ್ದಳು. "ನಾಚಿಕೆ ಆಗಲ್ವಾ ನಿಮಗೆ? ಈ ನಾಟಕ ತಗೊಂಡು ಹೋಗಿ ಅವರ ಮುಂದೆ ಇಡಲಾ? ನನಗೆ ಐವತ್ತು ಸುಳ್ಳು ಕಿವುಡರು ಬೇಡ. ಒಬ್ಬ, ಒಬ್ಬನೇ ಒಬ್ಬ ನಿಜವಾದವನು ಸಿಕ್ಕರೆ ಸಾಕು" ಎಂದು ಮರಾಠಿಯಲ್ಲಿ ಕೂಗಾಡಿದಳು. ಸುಳ್ಳರನ್ನೆಲ್ಲ ಮತ್ತೆ ಸಾಲಿನ ಹಿಂದಕ್ಕೆ ಕಳಿಸಿದಳು. ಗುರುಪಾದನ ಸರದಿ ಹತ್ತಿರ ಬಂತು.

ಹಾಗೆ ಹಿಂದಕ್ಕೆ ಬಂದವರಲ್ಲಿ ಸಾಯಬಣ್ಣನೂ ಇದ್ದ. ಗುರುಪಾದನ ಜೊತೆಗೇ ಸಾಮಾನು ಹೊರುವವನು, ಊರ ಕಡೆಯವನು, ಅವನನ್ನು ಅಣ್ಣ ಎಂದೂ ಅತ್ತಿಗೆಯೆಂಬಂತೆ ಅವಳನ್ನು ವೈನಿ ಎಂದೂ ಕರೆಯುವವನು. ಶಿವಕುಮಾರಿ ನಿಂತಿದ್ದಲ್ಲಿಗೆ ಬಂದು ಗೋಡೆಗೆ ಒರಗಿ, ಮುಖ ಊದಿಸಿಕೊಂಡು ನಿಂತ.

"ವೈನಿ, ನಂದು ಸುಳ್ಳು ಅಂತ ಎಲ್ಲಾರೂ ನಕ್ಕರು, ನಗಲಿ. ಆದರ ಅಣ್ಣಂದು ಖರೇ ಅದ. ನನಗ ಗೊತ್ತದ."

"ಏನು ಗೊತ್ತದ ನಿನಗ?" ಶಿವಕುಮಾರಿಯ ದನಿ ಏರಿತು. "ಕೆಲಸ ಕಳೀಬೇಕಂತ ಮಾಡೀಯೇನು?"

"ಕೆಲಸ ಹೋಗ್ಲಿ ವೈನಿ. ಹೋದ ವಾರ ಏನಾತಂತ ನಿಮಗ ಹೇಳಿಲ್ಲೇನು?" ಅವಳ ಮುಖ ನೋಡಿ, ಹೇಳಿಲ್ಲವೆಂದು ಅವನಿಗೆ ಗೊತ್ತಾಯಿತು. ಸುತ್ತ ನೋಡಿ ದನಿ ಇಳಿಸಿದ. "ಸಾಮಾನಿನ ಗಾಡಿ ಎಳಿಯೋ ಟ್ರ್ಯಾಕ್ಟರ್ ಹಿಂದ ಹಿಂದ ಬರಲಕತ್ತಿತ್ತು. ಪೀಂ ಪೀಂ ಅಂತ ಬಡ್ಕೋಳಕತ್ತದ. ಅಣ್ಣ ಬಗ್ಗಿ ಪೆಟಗಿ ಎತ್ತಲಕತ್ತಾನ. ನಾ ಒದರಿದೆ, ಡ್ರೈವರೂ ಒದರಿದ. ಇವ ತಿರುಗೇ ನೋಡಲಿಲ್ಲ. ಕಾಲರ್ ಹಿಡಿದು ಜಗ್ಗಿದೆ. ಅಂಗಿ ಹರೀತು. ಗಾಲಿ ಇವನ ಕಾಲು ಇದ್ದ ಜಾಗದ ಮ್ಯಾಲೆ ಹೋತು, ವೈನಿ. ಎಲ್ಲಾ ಸಲ ನಾ ಬಾಜೂಕೇ ಇರತೀನೇನು?"

ಆ ಅಂಗಿಯನ್ನು ಹೊಲಿದವಳು ಅವಳೇ. ಪೆಟ್ಟಿಗೆಯ ಕೊಂಡಿಗೆ ಸಿಕ್ಕಿತ್ತು ಎಂದು ಗುರುಪಾದ ಹೇಳಿದ್ದ. ಒಳ್ಳೆಯ ಅಂಗಿ ಹಾಳು ಮಾಡಿದಿರಿ ಎಂದು ಬೈಯುತ್ತಲೇ ಹೊಲಿದಿದ್ದಳು. ಅವಳಿಗೆ ಭಯವಾಯಿತು, ಅದರ ಬೆನ್ನಿಗೇ ಗಂಡನ ಮೇಲೆ ವಿಪರೀತ ಸಿಟ್ಟು ಬಂತು. ಇಷ್ಟು ದಿನ ತಾನು ಕಾದದ್ದು ಅವನ ಕೆಲಸವನ್ನೋ, ಅವನ ಸಾವನ್ನೋ ಎಂದು ಒಂದು ಕ್ಷಣ ತಿಳಿಯದೆ ಹೋಯಿತು.

"ಗುರುಪಾದ!" ಯಂತ್ರದ ಹುಡುಗಿ ಕರೆದಳು.

ಅವನು ಹೆಂಡತಿಯತ್ತ ನೋಡಿದ. ಅವಳು ಅಭ್ಯಾಸಬಲದಿಂದ ತಲೆಯಾಡಿಸಿದಳು. ಅವನು ಎದ್ದು ಹೋಗಿ ಕುರ್ಚಿಯಲ್ಲಿ ಕೂತ, ಹೆಡ್‌ಫೋನ್ ಹಾಕಿಸಿಕೊಂಡ. ಮನೆಯಲ್ಲಿ ಮಾತಾಡಿಕೊಂಡಂತೆಯೇ ಶಿವಕುಮಾರಿ ಹುಡುಗಿಯ ಬೆನ್ನ ಹಿಂದೆ ಬಂದು ನಿಂತಳು. ಡಾಕ್ಟರು ಅವಳನ್ನು ನೋಡಿದರೂ, ಹೆಂಡತಿ ನಿಂತಿದ್ದಾಳೆಂದು ಏನೂ ಅನ್ನಲಿಲ್ಲ.

ದೀಪ ಹತ್ತಿತು. ಮೊದಲಿನ ಸದ್ದುಗಳು ದಪ್ಪನೆಯವು. ಗುರುಪಾದ ಅವಳತ್ತ ನೋಡದೆಯೇ ಗುಂಡಿ ಒತ್ತಿದ, ಮತ್ತೊಮ್ಮೆ ಒತ್ತಿದ. ಅವನ ಮುಖದಲ್ಲಿ ಪರೀಕ್ಷೆಯಲ್ಲಿ ಪಾಸಾಗುತ್ತಿರುವ ಮಗುವಿನ ಗೆಲುವು ಕಂಡಿತು. ಹುಡುಗಿ ಯಂತ್ರದಲ್ಲಿ ಏನೋ ತಿರುಗಿಸಿದಳು. ದೀಪ ಹತ್ತಿತು. ಗುರುಪಾದ ಅಲ್ಲಾಡಲಿಲ್ಲ. ಕಣ್ಣೆತ್ತಿ ಹೆಂಡತಿಯನ್ನು ನೋಡಿದ.

ಶಿವಕುಮಾರಿಯ ಕೈ ಸೆರಗಿನವರೆಗೆ ಹೋಯಿತು. ಅಲ್ಲಿಯೇ ನಿಂತಿತು. ದೀಪ ಆರಿತು. ಮತ್ತೆ ಹತ್ತಿತು. ಗುರುಪಾದ ಹುಬ್ಬು ಹಾರಿಸಿ, ಈಗಲೋ, ಈಗಲೋ ಎಂದು ಕೇಳುತ್ತಿದ್ದ. ಅವಳು ಕೈ ಕೆಳಗಿಳಿಸಿದಳು.

ಅಷ್ಟರಲ್ಲಿ ದೊಡ್ಡ ವಿಮಾನವೊಂದು ತಲೆಯ ಮೇಲೆ ಬಂತು. ಕಿಟಕಿಯ ಗಾಜು ಅದುರಿತು. ಹುಡುಗಿ ಕೈ ಎತ್ತಿದಳು. ಶುಭಾಂಗಿತಾಯಿ ಯಾರನ್ನೋ ಬೈಯುತ್ತಿದ್ದವಳು ಬಾಯಿ ತೆರೆದಂತೆಯೇ ನಿಂತಳು, ಡಾಕ್ಟರು ಪೆನ್ನು ಕೆಳಗಿಟ್ಟರು. ಕೋಣೆಯಲ್ಲಿ ಯಾರಿಗೂ ಏನೂ ಕೇಳಿಸುವಂತಿರಲಿಲ್ಲ. ಶಿವಕುಮಾರಿ ಗಂಡನ ಮುಖವನ್ನೇ ನೋಡುತ್ತ, ಗಂಟಲು ಬಿಚ್ಚಿ, ತನ್ನ ದನಿಯೆಷ್ಟಿದೆಯೋ ಅಷ್ಟನ್ನೂ ಎತ್ತಿ ಹೇಳಿದಳು:

"ಸಾಯಬಣ್ಣ ಎಲ್ಲಾ ಹೇಳ್ಯಾನ. ಟ್ರ್ಯಾಕ್ಟರಿಂದೂ, ಅಂಗೀದೂ. ರೊಟ್ಟಿ ಬಡದು ಮಾರತೀನ್ರಿ, ನಾಕು ಮನೀ ಭಾಂಡಿ ತಿಕ್ಕತೀನಿ. ನೀವು ಇರಬೇಕ್ರಿ ನನಗ. ನೀವು ಇರಬೇಕು."

ಪಕ್ಕದಲ್ಲೇ ಇದ್ದ ಹುಡುಗಿಗೂ ಕೇಳಲಿಲ್ಲ. ಗುರುಪಾದ ಮಾತ್ರ ಅವಳ ತುಟಿಯಿಂದ ಕಣ್ಣು ಕೀಳಲಿಲ್ಲ. ವಿಮಾನ ಗೋಡೆಯಾಚೆ ಇಳಿದು ಸದ್ದು ಸಣ್ಣದಾಗುವ ಹೊತ್ತಿಗೆ ಅವಳ ಬಾಯಿ ಮುಚ್ಚಿತ್ತು, ಕಣ್ಣು ತುಂಬಿದ್ದವು.

ಶುಭಾಂಗಿತಾಯಿ ಉಳಿದರ್ಧ ಬೈಗುಳವನ್ನು ಮುಗಿಸಿದಳು. ಹುಡುಗಿ ಗುರುಪಾದನತ್ತ ಸನ್ನೆ ಮಾಡಿ ಮತ್ತೆ ಶುರು ಮಾಡಿದಳು.

ಅವನು ಹೆಂಡತಿಯನ್ನು ಇನ್ನೊಂದು ಸಲ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ. ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಗುರುಪಾದ ಗುಂಡಿ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ತೆರೆಯದೆ ಕೂತೇ ಇದ್ದ.